ಮಲಗಿದರೆ ಹೆಚ್ಚುವ ಬೆನ್ನುನೋವು

ಕೊಂಡಜ್ಜಿಯಲ್ಲಾಗಲಿ ಹರಿಹರ ತಾಲೂಕಿನ ಇನ್ನಾವ ಹಳ್ಳಿಯಲ್ಲಾಗಲಿ ಬೆನ್ನುನೋವಿಲ್ಲದ ಮನೆ ಸಿಗುವುದು ಕಷ್ಟ. ಗದ್ದೆಯಲ್ಲಿ ಇಡೀ ದಿನ ಬಗ್ಗಿ ನಾಟಿ ಮಾಡುವ ಹೆಂಗಸರು, ಟ್ರ್ಯಾಕ್ಟರ್ ಮೇಲೆ ಕುಲುಕಾಡುವ ಹುಡುಗರು, ದಾವಣಗೆರೆಯ ಮಂಡಿಗಳಲ್ಲಿ ಮೂಟೆ ಹೊರುವ ಹಮಾಲರು, ಹರಿಹರದ ಕಾರ್ಖಾನೆಗಳಲ್ಲಿ ನಿಂತೇ ಪಾಳಿ ಮುಗಿಸುವವರು, ಎಲ್ಲರಿಗೂ ನೋವು ಇದ್ದದ್ದೇ. ಈ ನೋವಿಗೆ ಮನೆಯ ಹಿರಿಯರು ಹೇಳುವ ಮದ್ದು ಒಂದೇ: ಎರಡು ದಿನ ಮಲಗು, ಇಳಿಯುತ್ತದೆ. ಬಹುತೇಕರಿಗೆ ಇಳಿಯುತ್ತದೆ ಕೂಡ.

ಕೆಲವರಿಗೆ ಇಳಿಯುವುದಿಲ್ಲ. ಮಲಗಿದಷ್ಟೂ ಹೆಚ್ಚುತ್ತದೆ. ಬೆಳಗಿನ ಜಾವ ಮೂರೋ ನಾಲ್ಕೋ ಗಂಟೆಗೆ ನೋವು ಎಬ್ಬಿಸಿ ಕೂರಿಸುತ್ತದೆ. ಎದ್ದಾಗ ಬೆನ್ನು ಕಟ್ಟಿಹಾಕಿದಂತಿರುತ್ತದೆ. ಓಡಾಡಿ, ಬಿಸಿನೀರು ಸುರಿದುಕೊಂಡು, ಕೆಲಸಕ್ಕೆ ಹತ್ತಿದ ಮೇಲೆ ಸಡಿಲವಾಗುತ್ತದೆ. ಹೀಗೆ ನೋಯುವವರು ಮುದುಕರಲ್ಲ, ಹದಿನೆಂಟು, ಇಪ್ಪತ್ತೆರಡು, ಮೂವತ್ತರ ಪ್ರಾಯದವರು. ಇವರ ನೋವು ದುಡಿಮೆಯಿಂದ ಬಂದದ್ದಲ್ಲ. ಬೆನ್ನುಮೂಳೆಯ ಕೀಲುಗಳಲ್ಲಿ ನಡೆಯುತ್ತಿರುವ ಉರಿಯೂತ ಇದಕ್ಕೆ ಕಾರಣ. ವೈದ್ಯರು ಇದನ್ನು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಚಿಕ್ಕದಾಗಿ ಎ.ಎಸ್. ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಇನ್ನೂ ಕಾಣದ ಆರಂಭದ ಹಂತವನ್ನೂ ಸೇರಿಸಿ ಆಕ್ಸಿಯಲ್ ಸ್ಪಾಂಡಿಲೊಆರ್ಥ್ರೈಟಿಸ್ ಎಂದು ಕರೆಯುವುದು ಈಗಿನ ರೂಢಿ.

ನೋವಿನ ಗುಣವೇ ಗುರುತು

ಈ ರೋಗವನ್ನು ಹಿಡಿಯಲು ಮೊದಲು ಬೇಕಾದದ್ದು ಯಂತ್ರವಲ್ಲ, ಸರಿಯಾದ ನಾಲ್ಕೈದು ಪ್ರಶ್ನೆ. ನೋವು ಶುರುವಾದಾಗ ವಯಸ್ಸು ನಲವತ್ತರೊಳಗಿತ್ತೇ? ಎಂದು ಶುರುವಾಯಿತೆಂದು ಹೇಳಲಾಗದ ಹಾಗೆ ಮೆಲ್ಲಗೆ ಬಂತೇ? ಓಡಾಡಿದರೆ ಕಡಿಮೆಯಾಗುತ್ತದೆಯೇ? ವಿಶ್ರಾಂತಿಯಿಂದ ಏನೂ ಪ್ರಯೋಜನವಾಗುವುದಿಲ್ಲವೇ? ರಾತ್ರಿ ನೋವಿನಿಂದ ಎಚ್ಚರವಾಗಿ, ಎದ್ದು ನಡೆದರೆ ಹಾಯೆನಿಸುತ್ತದೆಯೇ? ಇವುಗಳಲ್ಲಿ ನಾಲ್ಕಕ್ಕೆ ಹೌದು ಎಂದಾದರೆ ಅದು ಉರಿಯೂತದ ಬೆನ್ನುನೋವು ಇರಬಹುದೆಂದು ತಜ್ಞರು ಲೆಕ್ಕ ಹಾಕುತ್ತಾರೆ. ಇವುಗಳ ಜೊತೆಗೆ ಕೇಳಬೇಕಾದದ್ದು ಇನ್ನೂ ಎರಡು: ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೀರಿ ಇರುತ್ತದೆಯೇ, ಮತ್ತು ಪೃಷ್ಠದ ನೋವು ಒಂದು ವಾರ ಎಡಕ್ಕೆ, ಇನ್ನೊಂದು ವಾರ ಬಲಕ್ಕೆ ಹೀಗೆ ಪಕ್ಕ ಬದಲಿಸುತ್ತದೆಯೇ.

ಪೃಷ್ಠದ ನೋವಿನ ವಿಷಯ ಮುಖ್ಯ. ಬೆನ್ನುಮೂಳೆ ಕೆಳಗೆ ಹೋಗಿ ಸೊಂಟದ ಮೂಳೆಯನ್ನು ಕೂಡುವ ಕಡೆ ಎಡಕ್ಕೊಂದು ಬಲಕ್ಕೊಂದು ಸ್ಯಾಕ್ರೋಇಲಿಯಾಕ್ ಕೀಲುಗಳಿವೆ. ರೋಗ ಸಾಮಾನ್ಯವಾಗಿ ಹೊಕ್ಕುವುದು ಅಲ್ಲಿಂದಲೇ. ರೋಗಿ ಕೈಯಿಟ್ಟು ತೋರಿಸುವ ಜಾಗ ನಡದ ಕೆಳಗೆ, ಕುಂಡೆಯ ಒಳಗೆ. ಹೇಳಿಕೊಳ್ಳಲು ಸಂಕೋಚಪಟ್ಟು ಎಷ್ಟೋ ಮಂದಿ "ನಡ ಹಿಡ್ಕಂಡೈತಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಜಾಗವನ್ನು ಸರಿಯಾಗಿ ತೋರಿಸಿದರೆ ವೈದ್ಯರ ಯೋಚನೆ ಡಿಸ್ಕ್ ಬಿಟ್ಟು ಬೇರೆ ಕಡೆ ಹೊರಳುವ ಸಾಧ್ಯತೆ ಹೆಚ್ಚು.

ಮೂಳೆಯೊಳಗೆ ನಡೆಯುವುದು

ಮೊಣಕಾಲಿನ ಸವೆತದಲ್ಲಿ ಮೆದುಮೂಳೆ ತೇಯ್ದು ಹೋಗುತ್ತದೆ. ಇಲ್ಲಿ ನಡೆಯುವುದು ಬೇರೆಯೇ. ಸ್ನಾಯುರಜ್ಜುಗಳು ಮೂಳೆಗೆ ಬೆಸೆದುಕೊಳ್ಳುವ ಜಾಗದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕಾರಣವಿಲ್ಲದೆ ಕೆರಳುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಎಂಬ ರಾಸಾಯನಿಕ ಸಂದೇಶಗಳು ಆ ಕಿಚ್ಚನ್ನು ಆರದಂತೆ ಕಾಯುತ್ತವೆ. ಉರಿಯೂತ ಹತ್ತಿ ಆರಿದ ಜಾಗದಲ್ಲಿ ಗಾಯ ಮಾಯುವ ನೆಪದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಒಂದು ಕಶೇರುವಿನಿಂದ ಇನ್ನೊಂದಕ್ಕೆ ಮೂಳೆಯ ಸೇತುವೆ ಕಟ್ಟಿಕೊಳ್ಳುತ್ತದೆ. ವರ್ಷಗಳು ಕಳೆದ ಮೇಲೆ, ಕೆಲವರಲ್ಲಿ, ಇಡೀ ಬೆನ್ನುಮೂಳೆ ಒಂದೇ ಕಂಬವಾಗಿ ಕೂಡಿಬಿಡುತ್ತದೆ. ಎಕ್ಸ್‌ರೇಯಲ್ಲಿ ಅದು ಗೆಣ್ಣುಗೆಣ್ಣಾದ ಬಿದಿರಿನಂತೆ ಕಾಣುವುದರಿಂದ ರೇಡಿಯಾಲಜಿಸ್ಟರು ಬ್ಯಾಂಬೂ ಸ್ಪೈನ್ ಎನ್ನುತ್ತಾರೆ.

ಎಲ್ಲರಿಗೂ ಹೀಗಾಗುವುದಿಲ್ಲ ಎಂಬುದನ್ನು ಇಲ್ಲೇ ಒತ್ತಿ ಹೇಳಬೇಕು. ಇಂಟರ್‌ನೆಟ್ಟಿನಲ್ಲಿ ಬಾಗಿದ ಬೆನ್ನಿನ ಚಿತ್ರ ನೋಡಿ ಇಪ್ಪತ್ತರ ಹುಡುಗರು ಕುಸಿದುಹೋಗುತ್ತಾರೆ. ಅನೇಕರಲ್ಲಿ ರೋಗ ಸೊಂಟದ ಕೀಲುಗಳನ್ನು ದಾಟುವುದೇ ಇಲ್ಲ, ದಾಟಿದರೂ ನಿಧಾನವಾಗಿ ಸಾಗುತ್ತದೆ. ಆದರೆ ಒಮ್ಮೆ ಕೂಡಿಕೊಂಡ ಮೂಳೆಯನ್ನು ಯಾವ ಮಾತ್ರೆಯೂ ಬಿಡಿಸಲಾರದು. ನೋವು ಶುರುವಾದ ದಿನದಿಂದ ರೋಗಕ್ಕೆ ಹೆಸರು ಸಿಗುವ ದಿನದವರೆಗಿನ ಅವಧಿಗೆ ಅದಕ್ಕೇ ಅಷ್ಟೊಂದು ಬೆಲೆ. ಪ್ರಪಂಚದ ಬಹುತೇಕ ದೇಶಗಳಲ್ಲಿ ಆ ಅವಧಿ ಸರಾಸರಿ ಐದಾರು ವರ್ಷಕ್ಕೂ ಹೆಚ್ಚು.

ಬಿ27

ಬೆನ್ನುಮೂಳೆ ಪೂರ್ತಿ ಕೂಡಿಹೋದ ಅಸ್ಥಿಪಂಜರವೊಂದನ್ನು 17ನೇ ಶತಮಾನದ ಕೊನೆಯಲ್ಲಿ ಐರಿಷ್ ವೈದ್ಯ ಬರ್ನಾರ್ಡ್ ಕಾನರ್ ವರ್ಣಿಸಿದ್ದ. ರಷ್ಯಾದ ಬೆಖ್ತೆರೆವ್ 1893ರಲ್ಲಿ ರೋಗಿಗಳನ್ನು ಕಂಡು ಬರೆದ. ಆದರೂ ಇದು ಯಾರಿಗೆ ಬರುತ್ತದೆಂಬ ಸುಳಿವು ಸಿಕ್ಕಿದ್ದು 1973ರಲ್ಲಿ. ಆ ವರ್ಷ ಲಂಡನ್ನಿನಲ್ಲೂ ಲಾಸ್ ಏಂಜಲೀಸಿನಲ್ಲೂ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಸಂಗತಿಯನ್ನು ಕಂಡವು: ಈ ರೋಗಿಗಳಲ್ಲಿ ಬಹುಪಾಲು ಮಂದಿಯ ಜೀವಕೋಶಗಳ ಮೇಲೆ ಎಚ್‌ಎಲ್‌ಎ-ಬಿ27 ಎಂಬ ಪ್ರೋಟೀನ್ ಇದೆ. ಅದನ್ನು ರೂಪಿಸುವ ವಂಶವಾಹಿ ತಂದೆ ಅಥವಾ ತಾಯಿಯಿಂದ ಬರುತ್ತದೆ.

ದಾವಣಗೆರೆಯ ಲ್ಯಾಬುಗಳಲ್ಲೂ ರಕ್ತ ಕೊಟ್ಟು ಈ ಪರೀಕ್ಷೆ ಮಾಡಿಸಬಹುದು. ಆದರೆ ವರದಿಯನ್ನು ಓದುವ ರೀತಿ ತಿಳಿದಿರಬೇಕು. ಬಿ27 ಇರುವ ನೂರು ಮಂದಿಯಲ್ಲಿ ಸುಮಾರು ಐವರಿಗೆ, ಕೆಲವು ಲೆಕ್ಕದಲ್ಲಿ ಅದಕ್ಕಿಂತಲೂ ಕಡಿಮೆ ಮಂದಿಗೆ ಮಾತ್ರ ರೋಗ ಬರುತ್ತದೆ. ಉಳಿದವರು ಅದನ್ನು ಹೊತ್ತುಕೊಂಡೇ ಆರೋಗ್ಯವಾಗಿ ಬಾಳಿ ಮುಗಿಸುತ್ತಾರೆ. ಇತ್ತ ಬಿ27 ಇಲ್ಲದವರಿಗೂ ರೋಗ ಬರುವುದುಂಟು. ನೋವಿನ ಲಕ್ಷಣಗಳೊಂದಿಗೆ ಇಟ್ಟು ನೋಡಿದರೆ ವರದಿಗೆ ಬೆಲೆ. ಬರೀ ವರದಿಯಿಂದ ಯಾರನ್ನೂ ರೋಗಿಯೆನ್ನಲು ಬಾರದು.

ಹೆಸರು ಸಿಗದ ವರ್ಷಗಳು

ದಾವಣಗೆರೆಯಲ್ಲಿ ವೈದ್ಯರಿಗೆ ಬರವಿಲ್ಲ. 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜು, ಅದರೊಂದಿಗೆ ಬಾಪೂಜಿ ಆಸ್ಪತ್ರೆ, ಸರ್ಕಾರದ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆ ಎಲ್ಲವೂ ಕೊಂಡಜ್ಜಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮನೆ ಸೇರಬಹುದಾದ ದೂರದಲ್ಲಿವೆ. ಆದರೂ ವರ್ಷಗಳು ಹೋಗುತ್ತವೆ. ಏಕೆಂದರೆ ಬೆನ್ನುನೋವಿನವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ, ಆಮೇಲೆ ಸೂಜಿ ಹಾಕುವ ಕ್ಲಿನಿಕ್ಕಿಗೆ, ಆಮೇಲೆ ಉಳುಕು ತೆಗೆಯುವವರ ಮನೆಗೆ, ಕೊನೆಗೆ ಮೂಳೆ ಡಾಕ್ಟರಿಗೆ.

ಮೂಳೆ ಡಾಕ್ಟರು ಬರೆದುಕೊಡುವ ಎಂ.ಆರ್.ಐ. ಬಹಳ ಸಲ ಸೊಂಟದ ಮೇಲಿನ ಭಾಗದ್ದು. ಅಲ್ಲಿ ಯಾವುದೋ ಡಿಸ್ಕ್ ಸ್ವಲ್ಪ ಉಬ್ಬಿರುವುದು ಕಾಣುತ್ತದೆ. ನೋವೇ ಇಲ್ಲದವರ ಸ್ಕ್ಯಾನಿಂಗಿನಲ್ಲೂ ಹಾಗೆ ಕಾಣುವುದು ಸಾಮಾನ್ಯ. "ಡಿಸ್ಕ್ ಜರುಗಿದೆ" ಎಂಬ ಮಾತು ಮನೆಗೆ ಬರುತ್ತದೆ, ಬೆಲ್ಟ್ ಬರುತ್ತದೆ, ಮೂರು ತಿಂಗಳು ಮಲಗಿರಬೇಕೆಂಬ ಆದೇಶವೂ ಬರುತ್ತದೆ. ಓಡಾಟವೇ ಔಷಧಿಯಾದ ಕಾಯಿಲೆಗೆ ಮಂಚ ಸಿಗುತ್ತದೆ. ಯಾರನ್ನೂ ದೂರಲು ಈ ಮಾತಲ್ಲ. ನೂರು ಬೆನ್ನುನೋವಿನಲ್ಲಿ ತೊಂಬತ್ತಕ್ಕೂ ಹೆಚ್ಚು ಸಾಧಾರಣ ನೋವುಗಳೇ ಆಗಿರುವಾಗ ಬೇರೆ ಜಾತಿಯ ಒಂದೆರಡನ್ನು ಗುರುತಿಸಲು ಬಿಡುವಾಗಿ ಕೂತು ಕೇಳುವ ಸಮಯ ಬೇಕು. ನಮ್ಮ ಹೊರರೋಗಿ ವಿಭಾಗಗಳಲ್ಲಿ ಸಿಗದ ವಸ್ತು ಅದೇ.

ರಕ್ತಪರೀಕ್ಷೆಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಕೀಲುವಾತವೆಂದರೆ ಆರ್.ಎ. ಫ್ಯಾಕ್ಟರ್ ಎಂದು ಎಲ್ಲರಿಗೂ ಗೊತ್ತು. ಈ ರೋಗದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್. ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ಕೂಡ ರೋಗಿಗಳಲ್ಲಿ ಗಣನೀಯ ಪಾಲಿಗೆ ಮಾಮೂಲಿ ಮಟ್ಟದಲ್ಲೇ ಇರುತ್ತವೆ. "ಎಲ್ಲಾ ನಾರ್ಮಲ್ ಐತಿ, ನಿನಗೇನೂ ಆಗಿಲ್ಲ" ಎಂಬ ಮಾತು ಕೇಳಿಸಿಕೊಂಡು, ಮನೆಯವರ ಕಣ್ಣಿನಲ್ಲಿ ಸೋಮಾರಿಯಾಗಿ, ರಾತ್ರಿ ಒಬ್ಬನೇ ಎದ್ದು ಅಂಗಳದಲ್ಲಿ ಅಡ್ಡಾಡುವ ಹುಡುಗನ ಸಂಕಟ ಸಣ್ಣದಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟದ್ದು. ಇದು ಗಂಡಸರ ರೋಗವೆಂದು ಪಠ್ಯಪುಸ್ತಕಗಳೇ ಬಹುಕಾಲ ಹೇಳುತ್ತಿದ್ದವು. ಎಕ್ಸ್‌ರೇಯಲ್ಲಿ ಕಾಣುವ ಹಂತದಲ್ಲಿ ಗಂಡಸರು ಎರಡು ಮೂರು ಪಟ್ಟು ಹೆಚ್ಚು, ನಿಜ. ಆರಂಭದ ಹಂತವನ್ನೂ ಸೇರಿಸಿದರೆ ಅಂತರ ಹೆಚ್ಚೇನೂ ಉಳಿಯುವುದಿಲ್ಲ. ಹೆಂಗಸಿನ ಸೊಂಟನೋವಿಗೆ ನಮ್ಮಲ್ಲಿ ಸಿದ್ಧ ಉತ್ತರಗಳಿವೆ: ಬಾಣಂತನ ಸರಿಯಾಗಲಿಲ್ಲ, ಆಪರೇಷನ್ ಆಯಿತಲ್ಲ, ಸಿಜೇರಿಯನ್ ಹೊತ್ತಿನಲ್ಲಿ ಬೆನ್ನಿಗೆ ಸೂಜಿ ಚುಚ್ಚಿದ್ದರು. ಹೆರಿಗೆಗೂ ಮುಂಚೆಯೇ ನೋವಿತ್ತೇ ಎಂದು ಯಾರೂ ಕೇಳುವುದಿಲ್ಲ.

ಇದನ್ನೇ ಹೋಲುವ ಬೇರೆ ಕಾಯಿಲೆಗಳು

ಮಧ್ಯ ಕರ್ನಾಟಕದಲ್ಲಿ ಬಿಗಿದ ಬೆನ್ನನ್ನು ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಕುಡಿಯುವ ನೀರು ಎಲ್ಲಿಯದು? ಇದೇ ದಾವಣಗೆರೆ ಜಿಲ್ಲೆಯ ಜಗಳೂರು, ಪಕ್ಕದ ಚಿತ್ರದುರ್ಗ, ಅದರಾಚೆಯ ತುಮಕೂರು ಜಿಲ್ಲೆಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದವರ ಮೂಳೆ ಗಡಸಾಗುತ್ತದೆ, ರಜ್ಜುಗಳು ಸುಣ್ಣಗಟ್ಟುತ್ತವೆ, ಕೊರಳು ತಿರುಗದು, ಬೆನ್ನು ಬಗ್ಗದು. ದೂರದಿಂದ ನೋಡಿದರೆ ಎ.ಎಸ್. ರೋಗಿಯೇ. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಸೀಮೆಯಿಂದ.

ಬೇರ್ಪಡಿಸುವ ಗುರುತುಗಳಿವೆ. ಫ್ಲೋರೋಸಿಸ್ಸಿನಲ್ಲಿ ಊರಿನ ಹಲವರಿಗೆ ಒಂದೇ ತೊಂದರೆ ಇರುತ್ತದೆ, ಅಲ್ಲೇ ಹುಟ್ಟಿ ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಇರುತ್ತದೆ, ಮುಂಗೈಯ ಎಕ್ಸ್‌ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಾಣುತ್ತದೆ. ಆ ಊರುಗಳಿಗೆ ಮುಖ್ಯ ಮದ್ದು ನೀರು ಬದಲಿಸುವುದೇ. ಕೊಂಡಜ್ಜಿ ಇರುವ ಹರಿಹರ ತಾಲೂಕಿನ ದೀಟೂರಿನ ಬಳಿ ತುಂಗಭದ್ರೆಯ ನೀರನ್ನೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಯೋಜನೆ ರೂಪುಗೊಂಡಿದೆ. ಬೇಸಾಯದ ಯೋಜನೆಯಾಗಿ ಅದು ಎಷ್ಟು ಮುಖ್ಯವೋ ಮೂಳೆಯ ಆರೋಗ್ಯಕ್ಕೂ ಅಷ್ಟೇ ಮುಖ್ಯವೆಂದು ನನ್ನ ನಂಬಿಕೆ.

ಇನ್ನೊಂದು ಬೆನ್ನುಮೂಳೆಯ ಕ್ಷಯ. ಸಂಜೆ ಜ್ವರ, ತೂಕ ಇಳಿತ, ಬೆನ್ನಿನ ಒಂದೇ ಜಾಗದಲ್ಲಿ ಕೇಂದ್ರೀಕರಿಸಿದ ನೋವು, ಕಾಲಿನಲ್ಲಿ ಶಕ್ತಿ ಕುಂದುವುದು ಕಂಡರೆ ಮೊದಲು ಕ್ಷಯವನ್ನೇ ಅನುಮಾನಿಸಬೇಕು. ಕುರಿ, ಮೇಕೆ ಸಾಕುವವರಲ್ಲಿ ಬ್ರೂಸೆಲ್ಲಾ ಸೋಂಕನ್ನೂ ನೆನೆಯಬೇಕು. ಹಸಿ ಹಾಲು ಕುಡಿದವರಿಗೆ, ಕುರಿ ಈಯುವಾಗ ಬರಿಗೈಯಲ್ಲಿ ಸತ್ತೆ ಮುಟ್ಟಿದವರಿಗೆ ಅದು ತಗಲುತ್ತದೆ, ಸೊಂಟದ ಅದೇ ಸ್ಯಾಕ್ರೋಇಲಿಯಾಕ್ ಕೀಲನ್ನು ಹಿಡಿಯುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಬೆವರು ಅದರ ಲಕ್ಷಣ. ವಾರಗಟ್ಟಲೆ ಆಂಟಿಬಯಾಟಿಕ್ ಕೊಟ್ಟರೆ ವಾಸಿಯಾಗುತ್ತದೆ.

2006ರ ಚಿಕುನ್‌ಗುನ್ಯ ಹಾವಳಿಯನ್ನು ಈ ಸೀಮೆ ಮರೆತಿಲ್ಲ. ಆ ವರ್ಷ ರಾಜ್ಯದಲ್ಲಿ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆಮೇಲೆ ಯಾವ ಕೀಲು ನೋಯಲಿ, "ಚಿಕುನ್‌ಗುನ್ಯ ಬಂದಾಗಿನಿಂದ ಹಿಂಗೇ" ಎನ್ನುವುದು ವಾಡಿಕೆಯಾಯಿತು. ಆದರೆ ಆ ಜ್ವರದ ನಂತರದ ನೋವು ಹೆಚ್ಚಾಗಿ ಕೈಬೆರಳು, ಮಣಿಕಟ್ಟು, ಪಾದಗಳದ್ದು, ಬೆನ್ನಿನದಲ್ಲ.

ಹಿಡಿಯುವ ಪರೀಕ್ಷೆ

ಬಟ್ಟೆ ಅಳೆಯುವ ಟೇಪು ಮತ್ತು ಒಂದು ಗೋಡೆ ಸಾಕು, ವೈದ್ಯರಿಗೆ ಅರ್ಧ ಉತ್ತರ ಸಿಗುತ್ತದೆ. ಸೊಂಟದ ಮೇಲೆ 10 ಸೆಂಟಿಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ ಬಗ್ಗಲು ಹೇಳುತ್ತಾರೆ. ಸಡಿಲ ಬೆನ್ನಿನಲ್ಲಿ ಆ ಅಂತರ 15ಕ್ಕೋ ಅದಕ್ಕಿಂತ ಮೇಲಕ್ಕೋ ಹೋಗುತ್ತದೆ. ಗೋಡೆಗೆ ಹಿಮ್ಮಡಿ, ಬೆನ್ನು ಒತ್ತಿ ನಿಂತಾಗ ತಲೆಯ ಹಿಂಭಾಗ ಗೋಡೆ ಮುಟ್ಟಬೇಕು. ಉಸಿರೆಳೆದಾಗ ಎದೆಯ ಸುತ್ತಳತೆ ಎಷ್ಟು ಹಿಗ್ಗುತ್ತದೆಂದೂ ನೋಡುತ್ತಾರೆ. ಈ ಅಳತೆಗಳನ್ನು ಬರೆದಿಟ್ಟುಕೊಂಡರೆ ವರ್ಷದಿಂದ ವರ್ಷಕ್ಕೆ ಹೋಲಿಸಬಹುದು.

ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ವರ್ಷಗಳೇ ಹಿಡಿಯುತ್ತವೆ. ಎಂ.ಆರ್.ಐ.ಯಲ್ಲಿ ಉರಿಯೂತ ಬೇಗ ಕಾಣುತ್ತದೆ, ಆದರೆ ಚೀಟಿಯಲ್ಲಿ ಸ್ಯಾಕ್ರೋಇಲಿಯಾಕ್ ಕೀಲಿನ ಎಂ.ಆರ್.ಐ. ಎಂದು ಬರೆದಿರಬೇಕು. ಸೊಂಟದ ಮೇಲ್ಭಾಗದ ಮಾಮೂಲಿ ಸ್ಕ್ಯಾನಿಂಗಿಗೆ ಹಣ ತೆತ್ತು ಬಂದವರು ಮತ್ತೆ ಇದಕ್ಕೂ ತೆರಬೇಕಾಗುವುದು ಬೇಸರದ ಸಂಗತಿ. 2009ರಲ್ಲಿ ಅಂತರರಾಷ್ಟ್ರೀಯ ತಜ್ಞರ ಕೂಟ ಒಪ್ಪಿದ ಮಾನದಂಡ ಹೀಗಿದೆ: 45ರೊಳಗೆ ಶುರುವಾಗಿ ಮೂರು ತಿಂಗಳಿಗೂ ಮೀರಿದ ಬೆನ್ನುನೋವು ಇರಬೇಕು, ಅದರ ಜೊತೆ ಸ್ಕ್ಯಾನಿಂಗ್‌ನಲ್ಲಿ ಕೀಲಿನ ಉರಿಯೂತವಿದ್ದು ಈ ರೋಗದ ಇನ್ನೊಂದು ಲಕ್ಷಣವಾದರೂ ಇರಬೇಕು, ಇಲ್ಲವೇ ಬಿ27 ಇದ್ದು ಎರಡು ಲಕ್ಷಣಗಳಾದರೂ ಇರಬೇಕು. ನೋಡಬೇಕಾದ ತಜ್ಞರು ರುಮಟಾಲಜಿಸ್ಟ್, ಅಂದರೆ ಕೀಲುವಾತ ತಜ್ಞರು.

ಬೆನ್ನಿನಾಚೆಗೆ

ಕಣ್ಣಿನ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಈ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಜೀವಮಾನದಲ್ಲಿ ಒಮ್ಮೆ ಯುವಿಯೈಟಿಸ್, ಅಂದರೆ ಕಣ್ಣಿನೊಳಗಿನ ಉರಿಯೂತ, ಬರುತ್ತದೆ. ಒಂದೇ ಕಣ್ಣು ಇದ್ದಕ್ಕಿದ್ದಂತೆ ಕೆಂಪಾಗಿ, ಒಳಗೆ ಆಳವಾಗಿ ನೋಯುತ್ತದೆ, ಬೆಳಕು ನೋಡಲಾಗುವುದಿಲ್ಲ, ದೃಷ್ಟಿ ಮಂಜಾಗುತ್ತದೆ. ಮದ್ರಾಸ್ ಐ ಎಂದುಕೊಂಡು ಅಂಗಡಿಯ ಡ್ರಾಪ್ಸ್ ಹಾಕಿ ಕಾಯುತ್ತಾರೆ. ಮದ್ರಾಸ್ ಐಯಲ್ಲಿ ಪಿಸುರು ಕಟ್ಟುತ್ತದೆ, ತುರಿಕೆಯಿರುತ್ತದೆ, ಮನೆಯಲ್ಲಿ ಇನ್ನೊಬ್ಬರಿಗೂ ಅಂಟುತ್ತದೆ. ಯುವಿಯೈಟಿಸ್ ಹಾಗಲ್ಲ. ಅದೇ ದಿನ, ತಪ್ಪಿದರೆ ಮರುದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ತಡವಾದರೆ ದೃಷ್ಟಿಗೇ ಅಪಾಯ. ಎಷ್ಟೋ ಸಲ ರೋಗದ ಎಳೆ ಮೊದಲು ಸಿಗುವುದೂ ಕಣ್ಣಿನ ವೈದ್ಯರಿಗೇ. "ಬೆಳಿಗ್ಗೆ ಬೆನ್ನು ಬಿಗಿಯುತ್ತೇನಪ್ಪಾ?" ಎಂದು ಅವರು ಕೇಳುವ ಒಂದು ಮಾತಿನಿಂದ ವರ್ಷಗಳು ಉಳಿಯುತ್ತವೆ.

ಹಿಮ್ಮಡಿಯಲ್ಲಿ ನೋವು, ಎದೆಗೂಡಿನ ಮುಂಭಾಗದಲ್ಲಿ ಹೃದಯಾಘಾತದ ಭಯ ಹುಟ್ಟಿಸುವಂಥ ನೋವು, ಸೋರಿಯಾಸಿಸ್, ಕರುಳಿನ ಉರಿಯೂತ, ತಾಳಲಾಗದ ಸುಸ್ತು ಇವೂ ಇದೇ ರೋಗದ ಕವಲುಗಳಾಗಿರಬಹುದು. ತೊಡೆಸಂದಿಯ ಕೀಲನ್ನು ಹಿಡಿದರೆ ನಡಿಗೆಯೇ ಕುಂಟಾಗುತ್ತದೆ. ಎಳೆಯ ವಯಸ್ಸಿನಲ್ಲಿ ರೋಗ ಶುರುವಾದವರಲ್ಲಿ ಇದು ಹೆಚ್ಚು, ಮುಂದೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಔಷಧಿ

ಮೊದಲ ಸಾಲಿನ ಮದ್ದು ನ್ಯಾಪ್ರೋಕ್ಸೆನ್, ಇಂಡೋಮೆಥಾಸಿನ್, ಎಟೋರಿಕಾಕ್ಸಿಬ್‌ನಂಥ ಮಾತ್ರೆಗಳು. ಜನ ಇವನ್ನು ನೋವಿನ ಮಾತ್ರೆ ಎಂದು ಕರೆದು ಹೆದರುತ್ತಾರೆ. ಈ ರೋಗದಲ್ಲಿ ಅವು ನೋವನ್ನು ಮರೆಸುವುದಷ್ಟೇ ಅಲ್ಲ, ಉರಿಯೂತವನ್ನೇ ತಗ್ಗಿಸುತ್ತವೆ. ನಿಜವಾದ ಪರೀಕ್ಷೆಯಾಗಬೇಕಾದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಎರಡರಿಂದ ನಾಲ್ಕು ವಾರ ತಪ್ಪದೆ ನುಂಗಬೇಕು. ನೋವಾದ ದಿನ ಒಂದು ನುಂಗಿ ಬಿಟ್ಟರೆ ಗುಣ ತಿಳಿಯದು. ಒಂದು ಹಿಡಿಸದಿದ್ದರೆ ಇನ್ನೊಂದನ್ನು ನೋಡುತ್ತಾರೆ. ಹೊಟ್ಟೆಹುಣ್ಣು, ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ತಿಳಿಸಬೇಕು, ಎಲ್ಲರೂ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಸಲ್ಫಾಸಲಜೀನ್, ಮೆಥೊಟ್ರೆಕ್ಸೇಟ್ ಮಾತ್ರೆಗಳು ಕೈಕಾಲಿನ ಕೀಲುವಾತಕ್ಕೆ ಒಳ್ಳೆಯವು. ಬೆನ್ನುಮೂಳೆಯ ಉರಿಯೂತಕ್ಕೆ ಅವು ಕೆಲಸ ಮಾಡುತ್ತವೆಂಬುದಕ್ಕೆ ಪುರಾವೆಯಿಲ್ಲ. ಸ್ಟೀರಾಯ್ಡ್ ಮಾತ್ರೆಗಳನ್ನು ಬೆನ್ನಿನ ರೋಗಕ್ಕೆ ದೀರ್ಘಕಾಲ ಕೊಡುವುದು ಯಾವ ಮಾರ್ಗಸೂಚಿಯಲ್ಲೂ ಇಲ್ಲ. ಕ್ಲಿನಿಕ್ಕಿನ ಸೂಜಿಯಿಂದ, ಹೆಸರಿಲ್ಲದ ಪುಡಿಗಳಿಂದ ಎರಡೇ ದಿನದಲ್ಲಿ ಮೈ ಹಗುರಾದರೆ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ಕೇಳುವ ಹಕ್ಕು ರೋಗಿಗಿದೆ. ಅದು ಮೂಳೆಯನ್ನು ಪೊಳ್ಳು ಮಾಡುತ್ತದೆ. ಮೊದಲೇ ದುರ್ಬಲವಾದ ಬೆನ್ನುಮೂಳೆಗೆ ಅದು ಎರಡನೇ ಪೆಟ್ಟು.

ಮಾತ್ರೆಗೆ ಬಗ್ಗದ ರೋಗಕ್ಕೆ ಬಯಾಲಾಜಿಕ್ ಚುಚ್ಚುಮದ್ದುಗಳಿವೆ. ಟಿಎನ್‌ಎಫ್ ತಡೆಯುವ ಔಷಧಿಗಳು ಈ ರೋಗಕ್ಕೆ ಬಳಕೆಗೆ ಬಂದದ್ದು 2003ರಿಂದ. ಇಂಟರ್‌ಲ್ಯೂಕಿನ್-17 ತಡೆಯುವ ಸೆಕುಕಿನುಮ್ಯಾಬ್ ಅದಾದ ಹತ್ತು ಹನ್ನೆರಡು ವರ್ಷಕ್ಕೆ ಬಂತು. ನುಂಗುವ ಮಾತ್ರೆಯಾದ ಟೊಫಾಸಿಟಿನಿಬ್‌ಗೆ ಅಮೆರಿಕದ ಔಷಧ ನಿಯಂತ್ರಕರು 2021ರ ಕೊನೆಯಲ್ಲಿ ಈ ರೋಗಕ್ಕಾಗಿ ಒಪ್ಪಿಗೆ ಕೊಟ್ಟರು. ಈ ಮದ್ದುಗಳಿಂದ ಹತ್ತರಲ್ಲಿ ಆರು ಮಂದಿಗೆ ಹೇಳಿಕೊಳ್ಳುವಂಥ ಸುಧಾರಣೆ ಸಿಗುತ್ತದೆ. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಜೈಡಸ್ ಕಂಪನಿ ಟಿಎನ್‌ಎಫ್ ತಡೆಯುವ ಅಡಲಿಮುಮ್ಯಾಬ್‌ನ ಬಯೋಸಿಮಿಲರನ್ನು, ಅಂದರೆ ಅದನ್ನೇ ಹೋಲುವ ತಯಾರಿಕೆಯನ್ನು, ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದಿತು. ಅಂಥ ದೇಶೀ ತಯಾರಿಕೆಗಳಿಂದ ಬೆಲೆ ಇಳಿದಿದೆ. ಹಾಗಿದ್ದರೂ ಕೂಲಿ ಮಾಡುವ ಮನೆಗೆ ಅದು ಭಾರವೇ.

ಇವನ್ನು ಶುರುಮಾಡುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಮೈಯಲ್ಲಿ ಮಲಗಿರುವ ಕ್ಷಯಾಣುವನ್ನು, ವಿಶೇಷವಾಗಿ ಟಿಎನ್‌ಎಫ್ ತಡೆಯುವ ಮದ್ದು, ಎಬ್ಬಿಸಬಲ್ಲದು. ಎದೆಯ ಎಕ್ಸ್‌ರೇ, ಮ್ಯಾಂಟೂ ಅಥವಾ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ತಪಾಸಣೆ ಮುಗಿಯದೆ ಮೊದಲ ಸೂಜಿ ಹಾಕಿಸಿಕೊಳ್ಳಬಾರದು. ಸೂಜಿಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಬೆಂಗಳೂರಿನಿಂದ ತರುವವರು ಐಸ್ ಪ್ಯಾಕ್ ಹಾಕಿಸಿಕೊಂಡೇ ಹೊರಡಬೇಕು.

ದಿನದ ಕೆಲಸ

ಔಷಧಿಯಷ್ಟೇ ತೂಕ ವ್ಯಾಯಾಮಕ್ಕಿದೆ, ಔಷಧಿ ಕೆಲಸ ಮಾಡುತ್ತಿರುವಾಗಲೂ. ಬೆನ್ನು ಕೂಡಿಕೊಂಡರೂ ನೆಟ್ಟಗೆ ಕೂಡಿಕೊಳ್ಳಲಿ ಎಂಬುದು ಹಿಂದಿನ ಕಾಲದ ಆಸೆ; ಬಗ್ಗುವ ಶಕ್ತಿಯನ್ನು ಉಳಿಸಿಕೊಳ್ಳುವುದು ಈಗಿನ ಗುರಿ. ಬೆಳಿಗ್ಗೆ ಹಂಡೆಯ ಬಿಸಿನೀರು ಸುರಿದುಕೊಂಡ ಮೇಲೆ ಮೈ ಸಡಿಲವಿರುವ ಹೊತ್ತು ಒಳ್ಳೆಯದು. ಬೆನ್ನನ್ನು ಹಿಂದಕ್ಕೆ ಬಾಗಿಸುವ ಭುಜಂಗಾಸನ, ಬೆಕ್ಕಿನ ಭಂಗಿಯ ಮಾರ್ಜಾರಿಯಾಸನ, ಎದೆ ತುಂಬ ಉಸಿರೆಳೆಯುವುದು, ತೊಡೆಸಂದಿಯ ಎಳೆತ ಇವು ಬುನಾದಿ. ದಿನಕ್ಕೆ ಇಪ್ಪತ್ತು ನಿಮಿಷ ಬೋರಲಾಗಿ ಮಲಗುವ ಅಭ್ಯಾಸ ಬೆನ್ನು ಮುಂದಕ್ಕೆ ಬಾಗದಂತೆ ತಡೆಯುತ್ತದೆ. ಈಜು ಬಲ್ಲವರಿಗೆ ಅದರಂಥ ವ್ಯಾಯಾಮವಿಲ್ಲ.

ಕೊಂಡಜ್ಜಿಯವರಿಗೆ ಒಂದು ಅನುಕೂಲವಿದೆ. ಕೆರೆ, ಅದರ ಹಿಂದಿನ ಗುಡ್ಡ, ಕೊಂಡಜ್ಜಿ ಬಸಪ್ಪನವರ ಹೆಸರು ಹೊತ್ತ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರದ ಸುತ್ತಿನ ಮರಗಳು ಇರುವ ಊರಿನಲ್ಲಿ ನಡೆಯಲು ಜಾಗ ಹುಡುಕಬೇಕಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಬೀಸು ನಡಿಗೆ ಸಾಕು. ಕೂತು ಮಾಡುವ ಕೆಲಸದವರು, ಚಾಲಕರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಗದ್ದೆ ಕೆಲಸ ಬಿಡಬೇಕಿಲ್ಲ. ಬಗ್ಗಿ ಮಾಡುವ ಕೆಲಸದ ನಡುನಡುವೆ ನೆಟ್ಟಗೆ ನಿಂತು ಬೆನ್ನನ್ನು ಹಿಂದಕ್ಕೆ ಬಾಗಿಸುವುದನ್ನು ರೂಢಿಸಿಕೊಳ್ಳಬೇಕು. ಹಾಸಿಗೆ ಗಟ್ಟಿಯಿರಲಿ, ದಿಂಬು ತೆಳ್ಳಗಿರಲಿ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡಿಕೊಳ್ಳುವ ವೇಗ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಬಿಡುವುದು ಕಷ್ಟವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ: ಬಿಡಲೇಬೇಕು. ಇಂಥದ್ದು ತಿಂದರೆ ವಾಯು, ಅಂಥದ್ದು ತಿಂದರೆ ಗ್ಯಾಸ್ ಎಂಬ ಪಥ್ಯದ ಪಟ್ಟಿಗೆ ಈ ರೋಗದಲ್ಲಿ ಗಟ್ಟಿ ಆಧಾರವಿಲ್ಲ. ಮೊಸರು, ಕಾಳು, ಸೊಪ್ಪು, ರಾಗಿ ಎಂದಿನಂತೆ ಉಣ್ಣಬಹುದು.

ಕುತ್ತಿಗೆಯನ್ನು ಯಾರ ಕೈಗೂ ಕೊಡಬೇಡಿ

ಕ್ಷೌರ ಮುಗಿದ ಮೇಲೆ ತಲೆಯನ್ನು ಹಿಡಿದು ಲಟಕ್ಕೆನಿಸುವುದು, ಉಳುಕು ತೆಗೆಯಲು ಬೆನ್ನಿನ ಮೇಲೆ ಕಾಲಿಟ್ಟು ತುಳಿಯುವುದು, ಕೊರಳಿಗೆ ಭಾರ ಕೊಡುವ ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮಾಡುವುದು, ಇವೆಲ್ಲ ಬಿಗಿದ ಬೆನ್ನುಮೂಳೆಯವರಿಗೆ ಜೀವಾಪಾಯದ ಕೆಲಸಗಳು. ಕೂಡಿಕೊಂಡ ಬೆನ್ನುಮೂಳೆ ಹೊರಗೆ ಗಡಸಾಗಿ ಕಂಡರೂ ಒಳಗೆ ಪೊಳ್ಳಾಗಿರುತ್ತದೆ. ಸೈಕಲ್ಲಿನಿಂದ ಜಾರಿ ಬಿದ್ದಂಥ ಸಣ್ಣ ಪೆಟ್ಟಿಗೂ ಕುತ್ತಿಗೆಯ ಕೆಳಭಾಗದಲ್ಲಿ ಮುರಿಯುವುದುಂಟು, ಬೆನ್ನುಹುರಿಗೆ ಹಾನಿಯಾಗುವುದುಂಟು. ಬಿದ್ದ ಮೇಲೆ ಹೊಸದಾಗಿ ಕುತ್ತಿಗೆ ಅಥವಾ ಬೆನ್ನು ನೋಯತೊಡಗಿದರೆ, ಎಕ್ಸ್‌ರೇ ಸರಿಯಿದೆ ಎಂದರೂ ಸಿ.ಟಿ. ಸ್ಕ್ಯಾನಿಂಗಿಗೆ ಒತ್ತಾಯಿಸಬೇಕು.

ಯಾವುದೇ ಆಪರೇಷನ್ನಿಗೆ ಮುಂಚೆ ಅರಿವಳಿಕೆ ವೈದ್ಯರಿಗೆ ರೋಗದ ವಿಷಯ ತಿಳಿಸಬೇಕು. ಕುತ್ತಿಗೆ ಹಿಂದಕ್ಕೆ ಬಾಗದವರ ಗಂಟಲಿಗೆ ಉಸಿರಿನ ಕೊಳವೆ ಇಳಿಸುವುದು ಕಷ್ಟ, ಬೆನ್ನಿನಲ್ಲಿ ಸೂಜಿ ತೂರುವುದೂ ಕಷ್ಟ. ಮೊದಲೇ ಗೊತ್ತಿದ್ದರೆ ಅವರು ಬೇರೆ ಸಿದ್ಧತೆ ಮಾಡಿಕೊಳ್ಳುತ್ತಾರೆ.

ಕಾರ್ಡು, ಸರ್ಟಿಫಿಕೇಟು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳು ತಿಂಗಳು ಮನೆಯಲ್ಲಿ ನುಂಗುವ ಮಾತ್ರೆಗೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿದರೆ ಖರ್ಚು ಗಣನೀಯವಾಗಿ ತಗ್ಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಈ ರೋಗದ ಹೆಸರು ಪ್ರತ್ಯೇಕವಾಗಿಲ್ಲ. ಬೆನ್ನು, ತೊಡೆಸಂದಿಯ ಚಲನೆ ಕುಂದಿದ್ದರೆ ಚಲನ ವೈಕಲ್ಯದಡಿ ಜಿಲ್ಲಾ ಆಸ್ಪತ್ರೆಯ ವೈದ್ಯರಿಂದ ಅಳತೆ ಮಾಡಿಸಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಬಹುದು. ಮೀಸಲಾತಿಯಂಥ ಸೌಲಭ್ಯಕ್ಕೆ ವೈಕಲ್ಯ ಕನಿಷ್ಠ ಶೇಕಡ 40 ಇರಬೇಕು.

ಮದುವೆ, ಮಕ್ಕಳು

ರೋಗದ ಸುದ್ದಿ ಕೇಳಿದ ಮನೆಯವರ ಮೊದಲ ಗಾಬರಿ ಮದುವೆಯದು. ಮದುವೆಗೆ ಅಡ್ಡಿಯಿಲ್ಲ, ಮಕ್ಕಳಾಗಲು ಅಡ್ಡಿಯಿಲ್ಲ. ಸಲ್ಫಾಸಲಜೀನ್ ನುಂಗುವ ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದು, ಮಾತ್ರೆ ಬಿಟ್ಟ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಮಗು ಬಯಸುವ ಹೆಣ್ಣುಮಕ್ಕಳು ಗರ್ಭಕ್ಕೆ ಮೊದಲೇ ವೈದ್ಯರೊಡನೆ ಕೂತು ಔಷಧಿ ಪಟ್ಟಿಯನ್ನು ತಿದ್ದಿಸಿಕೊಳ್ಳಬೇಕು. ಮೆಥೊಟ್ರೆಕ್ಸೇಟ್ ಮೊದಲೇ ನಿಲ್ಲಬೇಕು, ನೋವಿನ ಮಾತ್ರೆಗಳು ಕೊನೆಯ ತಿಂಗಳುಗಳಲ್ಲಿ ಬೇಡ; ಟಿಎನ್‌ಎಫ್ ತಡೆಯುವ ಮದ್ದುಗಳಲ್ಲಿ ಗರ್ಭದ ಹೊತ್ತಿನಲ್ಲೂ ಮುಂದುವರಿಸಬಹುದಾದವಿವೆ.

ಬಿ27 ಇರುವ ತಂದೆ ಅಥವಾ ತಾಯಿಯಿಂದ ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದವರಲ್ಲೂ ಹೆಚ್ಚಿನವರಿಗೆ ರೋಗ ಬರುವುದಿಲ್ಲ. ಆಡಿಕೊಂಡಿರುವ ಮಗುವಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿಸುವುದರಿಂದ ಸಿಗುವುದು ಆತಂಕ ಮಾತ್ರ. ಮೊದಲೇ ಕೊಟ್ಟು ತಡೆಯುವ ಮದ್ದೇನೂ ಇಲ್ಲ. ಆದರೆ ಅಣ್ಣನಿಗೆ ರೋಗವಿರುವ ಮನೆಯಲ್ಲಿ ಕಾಲೇಜಿಗೆ ಹೋಗುವ ತಂಗಿ ಬೆಳಿಗ್ಗೆ ಎದ್ದಾಗ ಸೊಂಟ ಬಿಗಿಯುತ್ತದೆಂದರೆ, ಮಗನಿಗೆ ಹಿಮ್ಮಡಿ ನೋವು ತಿಂಗಳಾದರೂ ಇಳಿಯದಿದ್ದರೆ, ಒಂದು ಕಣ್ಣು ಕೆಂಪಾಗಿ ಬೆಳಕು ನೋಡಲಾಗದಿದ್ದರೆ, ಆಗ ಕಾಯಬಾರದು. ಚೀಟಿ ಮಾಡಿಸುವಾಗಲೇ ಮನೆಯಲ್ಲಿ ಎ.ಎಸ್. ಇದೆಯೆಂದು ಹೇಳಿ, ಹಳೆಯ ರಿಪೋರ್ಟುಗಳ ಫೈಲು ಜೊತೆಗೆ ಒಯ್ಯಬೇಕು.